ಯಾವ ಕೆಲಸ ಯಾವ ಪೆಟ್ಟಿಗೆಗೆ?

ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ಕನ್ನಡ ವ್ಯಾಕರಣವನ್ನು ಸಂಧಿ, ನಾಮ, ಸಮಾಸ ಮೊದಲಾದ ಎಂಟು ಪ್ರಕರಣಗಳಾಗಿ ವಿಂಗಡಿಸಿದನು. ಯಾವ ಸೂತ್ರ ಎಲ್ಲಿದೆಯೆಂದು ಓದುವವನಿಗೆ ತಿಳಿಯಬೇಕಷ್ಟೆ. ಗಣಕಯಂತ್ರಕ್ಕೆ ಪ್ರೋಗ್ರಾಂ ಬರೆಯುವವರಿಗೂ ಇದೇ ಚಿಂತೆಯುಂಟು.

1995ರಲ್ಲಿ ಹೊರಬಂದ ಜಾವಾ ಎಂಬ ಗಣಕಭಾಷೆಯಲ್ಲಿ, ಪದವನ್ನು ತುಂಡರಿಸುವುದು, ಹಿಂದುಮುಂದು ಮಾಡುವುದು ಇಂಥ ಸಣ್ಣ ಕೆಲಸಗಳನ್ನು ಮೊದಲೇ ಬರೆದಿಟ್ಟ ಸಂಗ್ರಹಗಳಿವೆ. ಇವಕ್ಕೆ ಲೈಬ್ರರಿ ಎನ್ನುತ್ತಾರೆ. ಅಪಾಚೆ ಸಂಸ್ಥೆಯ ಕಾಮನ್ಸ್ ಲ್ಯಾಂಗ್ ಅಂಥದೊಂದು. ಅದು ಮುಕ್ತ ತಂತ್ರಾಂಶ. ಯಾರು ಬೇಕಾದರೂ ಓದಿ ತಿದ್ದಬಹುದು. ಎಲ್ಲರೂ ಒಂದೊಂದು ಕೆಲಸ ತಂದು ತುಂಬಿದರೆ ಪೆಟ್ಟಿಗೆ ಉಬ್ಬದೆ ಇದ್ದೀತೆ? 2017ರಲ್ಲಿ ಕಾಮನ್ಸ್ ಟೆಕ್ಸ್ಟ್ ಎಂಬ ಬೇರೆ ಸಂಗ್ರಹ ಮಾಡಿ, ಬರಹಕ್ಕೆ ಸಂಬಂಧಿಸಿದ ಕೆಲವು ಕೆಲಸಗಳನ್ನು ಅಲ್ಲಿಗೆ ಸಾಗಿಸಿದರು. ಹಳೆಯ ಜಾಗದಲ್ಲಿದ್ದುದನ್ನು ಕೂಡಲೇ ಅಳಿಸದೆ, 'ಇನ್ನು ಬಳಸಬೇಡಿ' ಎಂಬ ಗುರುತಿಟ್ಟು ಉಳಿಸಿದರು. ಅದನ್ನು ನಂಬಿ ಬರೆದ ಪ್ರೋಗ್ರಾಂಗಳು ಕೆಡಬಾರದಲ್ಲವೇ!

ನಮಗೆ ತಾಗುವ ಮಾತು ಮುಂದಿದೆ. 'ರಾಯದುರ್ಗ'ದಲ್ಲಿ ಎಷ್ಟು ಅಕ್ಷರ? ನಾಲ್ಕೆಂದು ಮೂರನೆಯ ತರಗತಿಯ ಮಗು ಹೇಳುತ್ತದೆ. ಜಾವಾ ಎಂಟು ಎನ್ನುತ್ತದೆ! ದೀರ್ಘ, ಕೊಂಬು, ಒತ್ತಕ್ಷರದಲ್ಲಿ ಅಡಗಿದ ಹಲಂತ ಎಲ್ಲವನ್ನೂ ಅದು ಬಿಡಿಬಿಡಿಯಾಗಿ ಎಣಿಸುತ್ತದೆ. ಲ್ಯಾಂಗ್ ಸಂಗ್ರಹಕ್ಕೆ ಕೊಟ್ಟು ಹಿಂದುಮುಂದು ಮಾಡಿಸಿದರೆ 'ಗ್ರುದಯಾರ' ಎಂದು ಬರುತ್ತದೆ. ಬರಬೇಕಾದ್ದು 'ರ್ಗದುಯರಾ'.

ಹಾಗಾದರೆ ಕನ್ನಡದ ಅಕ್ಷರ ಎಣಿಸುವ ಕೆಲಸವನ್ನು ಲ್ಯಾಂಗಿಗೇ ಸೇರಿಸೋಣವೇ? ಬೇಡವೆಂದೇ ನಮ್ಮ ಅಭಿಪ್ರಾಯ. ಲಿಪಿಗಳ ನಿಯಮ ನೋಡಿಕೊಳ್ಳುವುದು ಯೂನಿಕೋಡ್ ಒಕ್ಕೂಟ. ಅದರ ಐಸಿಯು ಎಂಬ ಮುಕ್ತ ಸಂಗ್ರಹ ಜಾವಾಕ್ಕೂ ಇದೆ. ನಿಯಮ ಬದಲಾದರೆ ಅಲ್ಲಿ ಒಂದು ಕಡೆ ತಿದ್ದಿದರೆ ಸಾಕು. ಹತ್ತು ಲೈಬ್ರರಿಗಳು ಹತ್ತು ಬಗೆಯಾಗಿ ಎಣಿಸತೊಡಗಿದರೆ, ಒಬ್ಬನೇ ಹುಡುಗನ ಹೆಸರು ಒಂದು ಅರ್ಜಿಯಲ್ಲಿ ಹಿಡಿಸಿ ಇನ್ನೊಂದರಲ್ಲಿ ತುಂಡಾದೀತು.

ಆದರೆ ಸರಿಯಾದ ಪೆಟ್ಟಿಗೆಯಲ್ಲೂ ಕೊರತೆ ಇರಬಹುದು. 2023ರಲ್ಲಿ ಬಂದ ಯೂನಿಕೋಡ್ 15.1, ಒತ್ತಕ್ಷರವನ್ನು ಒಂದೇ ಗುಂಪಾಗಿ ಎಣಿಸುವ ನಿಯಮ ತಂದಿತು. ಆ ಪಟ್ಟಿಯಲ್ಲಿ ದೇವನಾಗರಿ ಇತ್ತು, ತೆಲುಗು ಇತ್ತು, ಕನ್ನಡ ಇರಲಿಲ್ಲ. ಎರಡೂ ಲಿಪಿಗಳ ಬೋರ್ಡುಗಳನ್ನು ಓದುತ್ತ ಬೆಳೆಯುವ ನಮ್ಮ ಹಿರೇಹಾಳಿನ ಮಕ್ಕಳಿಗೆ ಇದು ವಿಚಿತ್ರವೆನಿಸೀತು. ಆ ಲೆಕ್ಕದಲ್ಲಿ ತೆಲುಗಿನ ರಾಯದುರ್ಗಂ ನಾಲ್ಕು, ಕನ್ನಡದ ರಾಯದುರ್ಗ ಐದು! ಇದನ್ನು ತಿದ್ದಬೇಕೆನ್ನುವವರು ಲ್ಯಾಂಗಿನವರ ಬಾಗಿಲು ತಟ್ಟಿ ಫಲವಿಲ್ಲ, ಯೂನಿಕೋಡಿನವರಿಗೇ ಬರೆಯಬೇಕು.

ವಿದ್ಯಾರ್ಥಿಗಳೇ, ನಿಮ್ಮ ಹೆಸರನ್ನೂ ಈ ಮೂರು ಬಗೆಯಲ್ಲಿ ಎಣಿಸಿ ತಂದು ತೋರಿಸಿ. ಒತ್ತಕ್ಷರವಿಲ್ಲದ ಹೆಸರಿನವರಿಗೆ ಈ ಸಲ ಕೆಲಸ ಕಡಿಮೆ.