ಬಾಟಲಿಯ ಮೇಲಿನ 14 ಅಂಕಿ

ಆನ್‌ಲೈನಿನಲ್ಲಿ ಮಾರಾಟ ಮಾಡುವ ನಮ್ಮಂಥವರು ಎಲ್ಲಾದರೂ ಒಟ್ಟಿಗೆ ಸೇರಿದರೆ ಮೊದಲು ಕಮಿಷನ್ ಮಾತು, ಆಮೇಲೆ ಕೊರಿಯರ್ ಮಾತು, ಆಮೇಲೆ ವಾಪಸು ಬಂದ ಪಾರ್ಸೆಲ್‌ಗಳ ಗೋಳು. ಅದೆಲ್ಲ ಮುಗಿದ ಮೇಲೆ ಯಾರಾದರೊಬ್ಬರು ದನಿ ತಗ್ಗಿಸುತ್ತಾರೆ. ಇಂಥವನು ಹಿಂಗೆ ಮಾಡ್ತಾವ್ನೆ, ನಿಮ್ಗೆ ಗೊತ್ತಾ? ಗೊತ್ತಿರುತ್ತದೆ. ಸಾಮಾನ್ಯವಾಗಿ ಅಲ್ಲಿರುವ ಎಲ್ಲರಿಗೂ ಗೊತ್ತಿರುತ್ತದೆ. ದೂರು ಕೊಡೋಣವಾ ಅಂದ ಕೂಡಲೇ ಮಾತು ಬೇರೆ ಕಡೆಗೆ ತಿರುಗುತ್ತದೆ. ಇದು ನೀತಿಯ ಪ್ರಶ್ನೆ, ಹಣಕಾಸಿನ ಅಂಕಣಕ್ಕೆ ಯಾಕೆ ಎಂದು ನೀವು ಕೇಳಬಹುದು. ಬಾಯಿ ಬಿಟ್ಟರೆ ಖರ್ಚಿದೆ, ಸುಮ್ಮನಿದ್ದರೂ ಖರ್ಚಿದೆ. ಸುಮ್ಮನಿದ್ದಾಗಿನ ಖರ್ಚನ್ನು ಮಾತ್ರ ಬೇರೆ ಯಾರೋ ಭರಿಸುತ್ತಾರೆ. ಆ ಬೇರೆಯವರು ಯಾರು ಎಂದು ಲೆಕ್ಕ ಹಾಕಿ ನೋಡಿದ್ದರಿಂದಲೇ ನಾನು ಒಂದು ದೂರು ಕೊಟ್ಟೆ.

ನಮ್ಮದು ಡೆಂಕಣಿಕೋಟೆ. ಕೃಷ್ಣಗಿರಿ ಜಿಲ್ಲೆ, ತಮಿಳುನಾಡು. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತೆಲುಗೂ ಸೇರುತ್ತದೆ, ಕಚೇರಿಯಲ್ಲಿ ತಮಿಳು, ಗಿರಾಕಿಗಳು ಹೆಚ್ಚಾಗಿ ಬೆಂಗಳೂರಿನವರು. ನಾನೂ ನನ್ನ ನಾದಿನಿಯೂ ಸೇರಿ ರಾಗಿ ಹುರಿಹಿಟ್ಟು, ಬೀಜ ತೆಗೆದ ಹುಣಸೆಹಣ್ಣು, ಜೇನುತುಪ್ಪ ಮಾರುತ್ತೇವೆ. ಜೇನು ಬೆಟ್ಟಮುಗಿಲಾಳದ ಕಡೆಯ ಬೆಟ್ಟದ ಹಟ್ಟಿಗಳಿಂದ ಬರುತ್ತದೆ. ಅದನ್ನು ಇಳಿಸಿ ತರುವವರು ಹೇಳಿದ ಬೆಲೆಗೆ ನಾವು ಚೌಕಾಸಿ ಮಾಡುವುದಿಲ್ಲ, ಆ ಕೆಲಸದ ಅಪಾಯ ನೋಡಿದವರು ಯಾರೂ ಮಾಡುವುದಿಲ್ಲ. ಅದರ ಮೇಲೆ ಸೋಸುವ ಕೂಲಿ, ಗಾಜಿನ ಬಾಟಲಿ, ಲೇಬಲ್, ಒಡೆಯದಂತೆ ಸುತ್ತುವ ಸಾಮಾನು, ಕೊರಿಯರ್, ಮಾರಾಟ ತಾಣದ ಕಮಿಷನ್. ಎಲ್ಲ ಸೇರಿಸಿದರೆ ಅರ್ಧ ಕಿಲೋ ಬಾಟಲಿಯನ್ನು 450 ರೂಪಾಯಿಗಿಂತ ಕೆಳಗೆ ಕೊಟ್ಟ ದಿನ ನಾವು ಕೈಯಿಂದ ಹಾಕಬೇಕು.

ಅದೇ ತಾಣದಲ್ಲಿ, ನಮ್ಮದೇ ಊರಿನ ಹೆಸರು ಹೊತ್ತು, ‘ಬೆಟ್ಟದ ಶುದ್ಧ ಕಾಡುಜೇನು’ ಅರ್ಧ ಕಿಲೋಗೆ 199 ರೂಪಾಯಿಗೆ ಬಂತು.

ಬೆಲೆ ಕಡಿಮೆ ಎಂಬುದು ಅಪರಾಧವಲ್ಲ. ನನಗಿಂತ ಅಗ್ಗವಾಗಿ ಮಾರುವವನ ಮೇಲೆ ದೂರು ಕೊಡಲು ನನಗೆ ಹಕ್ಕಿಲ್ಲ. ಒಂದು ಬಾಟಲಿ ತರಿಸಿಕೊಂಡೆ, ಬಿಲ್ ಇಟ್ಟುಕೊಂಡೆ, ಪೊಟ್ಟಣ ಬಿಚ್ಚುವುದನ್ನು ಫೋನಿನಲ್ಲಿ ಚಿತ್ರೀಕರಿಸಿದೆ. ಲೇಬಲ್ ಮೇಲೆ ಆಹಾರ ಸುರಕ್ಷತಾ ಪ್ರಾಧಿಕಾರದ 14 ಅಂಕಿಯ ಸಂಖ್ಯೆ ಇತ್ತು. ಈ ಸಂಖ್ಯೆಯನ್ನು ಓದಲು ಕಲಿತರೆ ಕೊಳ್ಳುವವರಿಗೂ ಉಪಕಾರ, ಮಾರುವವರಿಗೂ ಉಪಕಾರ. ಮೊದಲ ಅಂಕಿ 1 ಆದರೆ ಪರವಾನಗಿ, 2 ಆದರೆ ಚಿಕ್ಕ ವ್ಯಾಪಾರಿಗಳ ನೋಂದಣಿ. ಮುಂದಿನ ಎರಡು ಅಂಕಿ ರಾಜ್ಯದ್ದು: ತಮಿಳುನಾಡಿಗೆ 24, ಕರ್ನಾಟಕಕ್ಕೆ 12. ಬಾಟಲಿಯ ವಿಳಾಸ ಡೆಂಕಣಿಕೋಟೆ, ಸಂಖ್ಯೆ ಶುರುವಾದದ್ದು 212ರಿಂದ. ಇಷ್ಟಕ್ಕೇ ಕಳ್ಳ ಅನ್ನಬಾರದು. ಗಡಿಯಲ್ಲಿ ಬದುಕುವ ನಮ್ಮಲ್ಲಿ ಮನೆ ಇಲ್ಲಿ, ಪ್ಯಾಕಿಂಗ್ ಆನೇಕಲ್ಲಿನಲ್ಲಿ ಎಂಬವರು ಬೇಕಾದಷ್ಟಿದ್ದಾರೆ. ಪ್ರಾಧಿಕಾರದ ಫಾಸ್ಕಾಸ್ ಜಾಲತಾಣದಲ್ಲಿ ಆ ಸಂಖ್ಯೆಯನ್ನು ಹಾಕಿದರೆ ಅದು ಯಾರದು ಎಂದು ಯಾರು ಬೇಕಾದರೂ ನೋಡಬಹುದು. ನೋಡಿದೆ. ಕರ್ನಾಟಕದ ಒಂದು ಹಳ್ಳಿಯ, ಉಪ್ಪಿನಕಾಯಿ ಹಾಕುವ ಮಹಿಳಾ ಸಂಘದ್ದು.

ಆ ಅಗ್ಗದ ಜೇನು ಮಾರುತ್ತಿದ್ದ ಹುಡುಗ ಅಪರಿಚಿತನಲ್ಲ. ಅವನ ತಂದೆ ನಮ್ಮ ಮಾವನವರ ಜೊತೆ ಓದಿದವರು. ನೇರ ಅವನ ಹತ್ತಿರವೇ ಹೋಗಿ ಕೇಳಿದೆ.

“ಅಕ್ಕಾ, ಆ ನಂಬರ್ ಯಾರಕ್ಕ ನೋಡ್ತಾರೆ? ಇಲ್ದಿದ್ರೆ ಲಿಸ್ಟಿಂಗೇ ತಗೊಳಲ್ಲ, ಅದಕ್ಕೆ ಹಾಕಿವ್ನಿ.”

“ಅದು ಬೇರೆಯವರದಪ್ಪ. ನಿಂದೇ ಒಂದು ಮಾಡಿಸ್ಕೊ. ವರ್ಷಕ್ಕೆ ನೂರು ರೂಪಾಯಿ.”

“ನೂರು ರೂಪಾಯಿ ದೊಡ್ಡದಲ್ಲಕ್ಕ. ಮಾಡಿಸ್ಕೊಂಡ್ರೆ ಆಫೀಸರ್ ಬತ್ತಾರೆ, ಜೇನು ಎಲ್ಲಿಂದ ತಂದೆ ಅಂತ ಕೇಳ್ತಾರೆ.”

ಅಲ್ಲಿಗೆ ನನ್ನ ಮನಸ್ಸು ಗಟ್ಟಿಯಾಯಿತು.

ಮನೆಯಲ್ಲಿ ಒಪ್ಪಿಗೆ ಇರಲಿಲ್ಲ. “ಊರ ಮಾತು ಊರೊಳಗೇ ಮುಗಿಸ್ಬೇಕು ಕಣಮ್ಮ, ನಾಳೆ ಅವರ ಮನೆ ಮದುವೆಗೆ ಯಾವ ಮುಖ ಇಟ್ಕೊಂಡು ಹೋಗೋದು?” ಎಂದರು ಅತ್ತೆ. ಅವರ ಮಾತನ್ನು ತಳ್ಳಿಹಾಕುವಂತಿಲ್ಲ. ಸಂತೆಯಲ್ಲಿ ತೂಕ ಹೊಡೆದವನನ್ನು ಊರೇ ಸರಿಮಾಡುತ್ತಿತ್ತು, ಏಕೆಂದರೆ ಕೊಂಡವನು ಮುಂದಿನ ವಾರ ಅದೇ ಸಂತೆಗೆ ಬರುತ್ತಿದ್ದ. ಈ ಜೇನು ಕೊಂಡವಳು ಪುಣೆಯಲ್ಲೋ ಬೆಂಗಳೂರಿನಲ್ಲೋ ಇದ್ದಾಳೆ. ನಮ್ಮ ಊರಿನ ಪಂಚಾಯಿತಿಗೆ ಅವಳು ಬರುವುದಿಲ್ಲ. ಉಪ್ಪಿನಕಾಯಿ ಹಾಕುವ ಆ ಹೆಂಗಸರಿಗೂ ಇಲ್ಲೇನು ನಡೆಯುತ್ತಿದೆ ಎಂದು ತಿಳಿಯುವುದಿಲ್ಲ. ಈ ಜೇನು ತಿಂದು ಯಾರಿಗಾದರೂ ಹೊಟ್ಟೆ ಕೆಟ್ಟರೆ ಬಾಟಲಿಯ ಮೇಲಿನ ಸಂಖ್ಯೆ ಹಿಡಿದು ಅಧಿಕಾರಿ ಹೋಗುವುದು ಅವರ ಬಾಗಿಲಿಗೆ. ಊರೊಳಗೆ ಮುಗಿಸುವುದೆಂದರೆ ಊರ ಹೊರಗಿನ ಇವರಿಬ್ಬರ ತಲೆಗೆ ಕಟ್ಟುವುದು.

ಯಜಮಾನರ ಆಕ್ಷೇಪ ಬೇರೆ. “ನೀನೂ ಜೇನು ಮಾರ್ತೀಯ. ಹೊಟ್ಟೆಕಿಚ್ಚು ಅಂತಾರೆ.” ಅವನು ಹೋದರೆ ನನಗೆ ಲಾಭ ಎಂಬುದು ನಿಜ. ಆದರೆ ನನಗೆ ಲಾಭವಾಯಿತು ಎಂಬ ಕಾರಣಕ್ಕೆ ಕದ್ದ ಸಂಖ್ಯೆ ಅವನದ್ದಾಗುವುದಿಲ್ಲ. ದೂರಿನ ಮೊದಲ ಸಾಲಿನಲ್ಲೇ ಬರೆದೆ: ನಾನೂ ಇದೇ ತಾಣದಲ್ಲಿ ಜೇನು ಮಾರುವವಳು. ಇದನ್ನು ಎಲ್ಲ ಮಾರಾಟಗಾರರಿಗೂ ಹೇಳುತ್ತೇನೆ. ನಿಮ್ಮ ಸ್ವಾರ್ಥವನ್ನು ನೀವೇ ಮೊದಲು ಬರೆಯಿರಿ. ಆಮೇಲೆ ಯಾರೂ ಅದನ್ನು ನಿಮ್ಮ ವಿರುದ್ಧ ಎತ್ತಿ ಆಡಲಾರರು. ಹೆಸರು ಮರೆಸಿ ಕೊಡುವ ದೂರಿಗಿಂತ ಅದರ ತೂಕವೂ ಹೆಚ್ಚು.

ಆ ದೂರಿನಲ್ಲಿ ನಾನು ಬರೆಯದೆ ಬಿಟ್ಟ ಮಾತೊಂದಿದೆ. ಅದು ಸಕ್ಕರೆ ಪಾಕವೇ ಎಂದು ನನ್ನ ನಾಲಿಗೆ ಹೇಳಿತು. ನೀರಿಗೆ ಹಾಕಿ ನೋಡು, ಬೆಂಕಿಕಡ್ಡಿಗೆ ಸವರಿ ಹಚ್ಚಿ ನೋಡು ಎಂದು ನಾದಿನಿ ಹೇಳಿದಳು. ಈ ಮನೆಪರೀಕ್ಷೆಗಳನ್ನು ನಂಬಿ ಒಬ್ಬನ ಹೊಟ್ಟೆಪಾಡಿನ ಮೇಲೆ ಕೈ ಇಡಬಾರದು. 2020ರ ಡಿಸೆಂಬರಿನಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ 13 ಬ್ರಾಂಡ್‌ಗಳ ಜೇನಿನ ತನಿಖೆಯನ್ನು ಹೊರಗೆ ಹಾಕಿತು. ಪರೀಕ್ಷಿಸಿದ 22 ಮಾದರಿಗಳಲ್ಲಿ ಎಲ್ಲ ಪರೀಕ್ಷೆಗಳನ್ನೂ ದಾಟಿದ್ದು ಐದೇ. ಕಬ್ಬು, ಮೆಕ್ಕೆಜೋಳದ ಸಕ್ಕರೆಯನ್ನು ಹಿಡಿಯುವ ಮಾಮೂಲಿ ಪರೀಕ್ಷೆಗೆ ಸಿಗದಂತೆ ಅಕ್ಕಿ ಮುಂತಾದವುಗಳ ಪಾಕ ಬೆರೆಸುತ್ತಾರೆಂದೂ, ಅದನ್ನು ಪತ್ತೆ ಮಾಡಲು ಎನ್‌ಎಂಆರ್ ಎಂಬ ಪರೀಕ್ಷೆ ಬೇಕಾಯಿತೆಂದೂ ಅದರಿಂದ ಗೊತ್ತಾಯಿತು. ಆ ಪರೀಕ್ಷೆಯನ್ನು ಜರ್ಮನಿಯಲ್ಲಿ ಮಾಡಿಸಿದ್ದರು. ಪ್ರಯೋಗಾಲಯಕ್ಕೇ ಇಷ್ಟು ಕಷ್ಟವಾದದ್ದನ್ನು ನನ್ನ ಬೆಂಕಿಕಡ್ಡಿ ಹೇಗೆ ಹೇಳೀತು? ಕಣ್ಣಿಗೆ ಕಂಡದ್ದು ಕದ್ದ ಸಂಖ್ಯೆ. ಅದನ್ನು ಮಾತ್ರ ಬರೆದೆ. ಕಲಬೆರಕೆ ಇದೆಯೋ ಇಲ್ಲವೋ ನೋಡುವುದು ಆಹಾರ ಸುರಕ್ಷತಾ ಅಧಿಕಾರಿಯ ಕೆಲಸ. ಕಾನೂನಿನಂತೆ ಅವರು ಮಾದರಿಯನ್ನು ನಾಲ್ಕು ಭಾಗ ಮಾಡಿ, ಮುದ್ರೆ ಹಾಕಿ, ಒಂದನ್ನು ವಿಶ್ಲೇಷಕರಿಗೆ ಕಳಿಸುತ್ತಾರೆ. ಆರೋಪ ಹೊತ್ತವನೂ ಇನ್ನೊಂದು ಭಾಗವನ್ನು ಮಾನ್ಯತೆ ಪಡೆದ ಪ್ರಯೋಗಾಲಯಕ್ಕೆ ಕಳಿಸಿ ಎಂದು ಕೇಳಬಹುದು. ಅವನ ಪರವಾಗಿಯೂ ಒಂದು ಬಾಗಿಲು ತೆರೆದಿರುವ ಈ ಏರ್ಪಾಡು ನನಗೆ ಸಮಾಧಾನ ಕೊಟ್ಟಿತು.

ಮೊದಲ ದೂರು ಮಾರಾಟ ತಾಣಕ್ಕೆ. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ಪ್ರತಿ ತಾಣಕ್ಕೂ ಒಬ್ಬ ಕುಂದುಕೊರತೆ ಅಧಿಕಾರಿ ಇರಬೇಕು. ಗ್ರಾಹಕರ ದೂರು ತಲುಪಿದೆ ಎಂದು 48 ಗಂಟೆಯೊಳಗೆ ತಿಳಿಸಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು. ಲಿಸ್ಟಿಂಗ್ ಹೋಯಿತು. ಸ್ವಲ್ಪ ದಿನಕ್ಕೆ ಇನ್ನೊಂದು ಅಂಗಡಿಯ ಹೆಸರಿನಲ್ಲಿ ಅದೇ ಫೋಟೊ, ಅದೇ ಸಂಖ್ಯೆ ಮತ್ತೆ ಬಂತು. ತಾಣಗಳ ಮೇಲಿನ ನನ್ನ ಸಿಟ್ಟು ಇಲ್ಲಿದೆ. ಸಂಖ್ಯೆಗೂ ಹೆಸರಿಗೂ ತಾಳೆ ಇದೆಯೇ ಎಂದು ನೋಡಲು ನನ್ನಂಥವಳಿಗೆ ಸಾಧ್ಯವಾದರೆ ಅವರಿಗೆ ಯಾಕೆ ಆಗುವುದಿಲ್ಲ?

2022ರ ಆಗಸ್ಟಿನಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಅಮೆಜಾನಿನ ಮೇಲೆ ಹೊರಡಿಸಿದ ಆದೇಶ ಈ ಸಿಟ್ಟಿಗೆ ಉತ್ತರವೂ ಹೌದು, ಅಲ್ಲವೂ ಹೌದು. ಕಡ್ಡಾಯ ಗುಣಮಟ್ಟದ ಗುರುತಿಲ್ಲದ 2,265 ಪ್ರೆಷರ್ ಕುಕ್ಕರ್‌ಗಳು ಆ ತಾಣದ ಮೂಲಕ ಮಾರಾಟವಾಗಿದ್ದವು. ಕೊಂಡವರಿಗೆಲ್ಲ ತಿಳಿಸಿ, ಕುಕ್ಕರ್ ವಾಪಸು ಪಡೆದು, ಹಣ ಮರಳಿಸಿ ಎಂದು ಪ್ರಾಧಿಕಾರ ಹೇಳಿತು. ನಾವು ಬರೀ ಮಧ್ಯವರ್ತಿ ಎಂದು ಕೈತೊಳೆದುಕೊಳ್ಳಲು ಬಿಡಲಿಲ್ಲ. ಅಲ್ಲಿಯವರೆಗೆ ಸರಿ. ಹಾಕಿದ ದಂಡ 1 ಲಕ್ಷ ರೂಪಾಯಿ. ಆ ಕುಕ್ಕರ್‌ಗಳಿಂದ ತಾಣಕ್ಕೆ ಬಂದ ಕಮಿಷನ್ 6 ಲಕ್ಷ ರೂಪಾಯಿಗೂ ಹೆಚ್ಚು. ವ್ಯಾಪಾರ ಮಾಡುವ ಯಾರಿಗಾದರೂ ಈ ಲೆಕ್ಕ ಅರ್ಥವಾಗುತ್ತದೆ. ಕಮಿಷನ್ನಿಗಿಂತ ಚಿಕ್ಕ ದಂಡ ಯಾರನ್ನೂ ತಡೆಯುವುದಿಲ್ಲ, ದಂಡ ಮಾರಾಟದ ಮೊತ್ತಕ್ಕೆ ಹೊಂದಿಕೊಂಡಿರಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಎರಡನೆಯ ದೂರನ್ನು ತಮಿಳಿನಲ್ಲಿ ಬರೆಸಿ ಜಿಲ್ಲೆಯ ಆಹಾರ ಸುರಕ್ಷತಾ ಇಲಾಖೆಗೆ ಕೊಟ್ಟೆ. ಒಂದು ಪತ್ರವನ್ನು ಆ ಮಹಿಳಾ ಸಂಘಕ್ಕೂ ಹಾಕಿದೆ. ಸಂಘದ ಅಧ್ಯಕ್ಷೆ ಫೋನು ಮಾಡಿದರು. “ನಮ್ ನಂಬರ್ ಅಷ್ಟು ದೂರ ಹೆಂಗ್ ಹೋಯ್ತು ತಾಯಿ? ನಾವು ಜೇನು ಮುಟ್ಟಿದವರೇ ಅಲ್ಲ.” ಅವರ ಉಪ್ಪಿನಕಾಯಿ ಡಬ್ಬಿಯ ಫೋಟೊದಿಂದ ನಕಲು ಮಾಡಿರಬೇಕು, ಬೇರೆ ದಾರಿ ಕಾಣಲಿಲ್ಲ. ಅವರೂ ದೂರು ಕೊಟ್ಟರು, ಅವರ ದೂರಿಗೆ ನನ್ನದಕ್ಕಿಂತ ಬೇಗ ಬೆಲೆ ಬಂತು. ಅಧಿಕಾರಿ ಬಂದು ಹೋದ ಮೇಲೆ ಹುಡುಗ ಸ್ವಂತ ನೋಂದಣಿ ಮಾಡಿಸಿಕೊಂಡ. ಈಗಲೂ ಜೇನು ಮಾರುತ್ತಾನೆ, 199ಕ್ಕಲ್ಲ. ಅವನ ತಾಯಿ ನಮ್ಮ ಮನೆಗೆ ಬರುವುದನ್ನು ಬಿಟ್ಟಿದ್ದಾರೆ. ಅದು ನನ್ನ ಪಾಲಿನ ಖರ್ಚು, ನೋವಿನ ಖರ್ಚು. ಗೊತ್ತಿದ್ದೇ ಒಪ್ಪಿಕೊಂಡೆ.

ಇಲ್ಲಿ ಕೊಳ್ಳುವ ಕನ್ನಡದವರಿಗೆ ಒಂದು ಮಾತು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕನ್ನಡದಲ್ಲೇ ದೂರು ಹೇಳಬಹುದು. ತಮಿಳು ಬರೆಯಲು ಬಾರದು ಎಂದು ಹಿಂಜರಿಯಬೇಕಿಲ್ಲ. ಅನೇಕರಿಗೆ ಒಟ್ಟಾಗಿ ಹಾನಿಯಾಗುವ ಮೋಸವಾದರೆ 2019ರ ಗ್ರಾಹಕ ರಕ್ಷಣಾ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ ಜಿಲ್ಲಾಧಿಕಾರಿಗೇ ದೂರು ಕೊಡಬಹುದು. ಸ್ವಂತ ಹಣ ಕಳೆದುಕೊಂಡವರು ತಾವಿರುವ ಜಿಲ್ಲೆಯ ಗ್ರಾಹಕ ಆಯೋಗಕ್ಕೇ ಹೋಗಬಹುದು, ಎರಡು ವರ್ಷದೊಳಗೆ. ವಸ್ತುವಿಗೆ ಕೊಟ್ಟ ಹಣ 5 ಲಕ್ಷದವರೆಗಿದ್ದರೆ ಶುಲ್ಕವಿಲ್ಲ.

ವಾಟ್ಸ್ಆ್ಯಪ್ ಗುಂಪಿಗೆ ಮಾತ್ರ ಹಾಕಬೇಡಿ. ಭಾರತೀಯ ನ್ಯಾಯ ಸಂಹಿತೆಯ 356ನೇ ಸೆಕ್ಷನ್ ಮಾನಹಾನಿಯದು. ಅಧಿಕಾರವಿರುವವರ ಮುಂದೆ ಸದ್ಭಾವನೆಯಿಂದ ದೂರು ಹೇಳಿದರೆ ಅದು ಮಾನಹಾನಿಯಲ್ಲ ಎಂಬ ವಿನಾಯಿತಿ ಅದರಲ್ಲೇ ಇದೆ. ಆ ರಕ್ಷಣೆ ಅಧಿಕಾರಿಯ ಮೇಜಿನ ಮೇಲಿಟ್ಟ ಕಾಗದಕ್ಕೆ ಉಂಟು, ಗುಂಪಿನಲ್ಲಿ ಹರಿಬಿಟ್ಟ ಫೋಟೊಗೆ ಇಲ್ಲ. ತಪ್ಪು ಬಯಲಿಗೆಳೆಯುವವರ ರಕ್ಷಣೆಗೆಂದು 2014ರಲ್ಲಿ ಬಂದ ಕಾಯ್ದೆಯನ್ನು ನೆಚ್ಚಿಕೊಳ್ಳುವಂತೆಯೂ ಇಲ್ಲ. ಅದು ಸಾರ್ವಜನಿಕ ನೌಕರರ ತಪ್ಪಿಗೆ ಸಂಬಂಧಿಸಿದ್ದು, ಖಾಸಗಿ ವ್ಯಾಪಾರಿಗಲ್ಲ.

ದೂರು ಆಯುಧವೂ ಆಗುತ್ತದೆ. ಹೊಸೂರಿನಲ್ಲಿ ನನಗೆ ಪರಿಚಯದ ಹೆಣ್ಣುಮಗಳೊಬ್ಬಳು ಸೋಪು ಮಾಡುತ್ತಾಳೆ. ಅವಳದು ನಕಲಿ ಮಾಲು ಎಂದು ಯಾರೋ ಹೆಸರಿಲ್ಲದೆ ದೂರಿದರು. ವಿಚಾರಣೆ ಮುಗಿಯುವ ತನಕ ಅವಳ ಲಿಸ್ಟಿಂಗ್ ನಿಂತಿತು, ಬರಬೇಕಾದ ಹಣ ನಿಂತಿತು, ದೀಪಾವಳಿಯ ವ್ಯಾಪಾರ ಪೂರ್ತಿ ಹೋಯಿತು. ಕೊನೆಗೆ ಏನೂ ತಪ್ಪಿಲ್ಲ ಎಂದಾಯಿತು, ಹೋದ ಹಬ್ಬ ಮರಳಿ ಬರಲಿಲ್ಲ. ಊಹೆಯ ಮೇಲೆ ದೂರು ಬರೆಯುವವರು ಅವಳನ್ನು ನೆನೆಯಬೇಕು.

ಮೊನ್ನೆ ತಳಿ ಕಡೆಯ ಒಬ್ಬ ಹುಡುಗಿ ಇಂಥದೇ ಪ್ರಶ್ನೆ ತಂದಳು. ಪಕ್ಕದ ತೋಟದವರು ಜಿಎಸ್‌ಟಿ ಇಲ್ಲದೆ ಗುಲಾಬಿ ಸಸಿಗಳನ್ನು ಆನ್‌ಲೈನಿನಲ್ಲಿ ಬೆಂಗಳೂರಿಗೆ ಕಳಿಸುತ್ತಾರೆ, ತಾನು ರಾಗಿ ಹಿಟ್ಟಿಗೆ ತೆರಿಗೆ ಕಟ್ಟುತ್ತೇನೆ, ಇದು ನ್ಯಾಯವಾ ಅಕ್ಕ ಎಂದಳು. ದೂರು ಬರೆದೇ ತಂದಿದ್ದಳು. ಬೇರುಳ್ಳ ಜೀವಂತ ಗಿಡಕ್ಕೆ ಜಿಎಸ್‌ಟಿಯೇ ಇಲ್ಲ. ತೆರಿಗೆಯಿಲ್ಲದ ಮಾಲನ್ನಷ್ಟೇ ಮಾರುವವರು ನೋಂದಣಿ ಮಾಡಿಸಬೇಕಿಲ್ಲ. ಅವರದು ತಪ್ಪೇ ಅಲ್ಲ. ಅವಳ ಹಿಟ್ಟಿನ ಕಥೆ ಬೇರೆ. ಪ್ಯಾಕ್ ಮಾಡಿ ಲೇಬಲ್ ಅಂಟಿಸಿದ ಹಿಟ್ಟಿಗೆ 2022ರ ಜುಲೈ 18ರಿಂದ ಶೇಕಡಾ 5 ತೆರಿಗೆ ಬಂತು. 2023ರ ಅಕ್ಟೋಬರಿನಿಂದ ಆನ್‌ಲೈನಿನ ಚಿಕ್ಕ ವ್ಯಾಪಾರಿಗಳಿಗೆ ನೋಂದಣಿಯಿಂದ ಸಿಕ್ಕ ರಿಯಾಯಿತಿ ಸ್ವಂತ ರಾಜ್ಯದೊಳಗೆ ಮಾರುವವರಿಗೆ ಮಾತ್ರ. ಅತ್ತಿಬೆಲೆ ದಾಟಿದರೆ ನಮಗೆ ಅದು ಬೇರೆ ರಾಜ್ಯ. ಮಧುರೆಯವರೆಗೆ ಹಿಟ್ಟು ಕಳಿಸಲು ಬೇಡದ ನೋಂದಣಿ, ಆನೇಕಲ್ಲಿಗೆ ಕಳಿಸಲು ಮೊದಲ ರೂಪಾಯಿಯಿಂದಲೇ ಬೇಕು. ಗಡಿಯ ಚಿಕ್ಕ ವ್ಯಾಪಾರಿಗೆ ಇದು ಅನ್ಯಾಯ ಎಂದು ನನಗನ್ನಿಸುತ್ತದೆ, ಸರ್ಕಾರದ ಮುಂದೆ ಇಡಬೇಕಾದ ದೂರು ಇದು.

“ಮತ್ತೆ ನಮ್ಮ ಚಿಕ್ಕಪ್ಪನ ಮಗ ನೋಂದಣಿ ಇಲ್ದೆ ಹಿಟ್ಟು ಕಳಿಸ್ತಾನಲ್ಲ, ಅವನ ಮೇಲೆ ಕೊಡ್ಲಾ?” ಎಂದಳು. ಅವನ ಹಿಟ್ಟು ಚೆನ್ನಾಗಿದೆಯಾ ಎಂದು ಕೇಳಿದೆ. ಚೆನ್ನಾಗಿದೆ, ತನ್ನ ಹೊಲದ್ದೇ ರಾಗಿ ಎಂದಳು. ಹಾಗಾದರೆ ಮೊದಲು ಅವನಿಗೇ ಹೇಳು, ನೋಂದಣಿಗೆ ಸರ್ಕಾರ ಒಂದು ಕಾಸೂ ತಗೊಳ್ಳುವುದಿಲ್ಲ, ಅರ್ಜಿ ತುಂಬಲು ಬಾರದಿದ್ದರೆ ಭಾನುವಾರ ಕರೆದುಕೊಂಡು ಬಾ, ಪ್ಯಾನ್ ಕಾರ್ಡ್, ಆಧಾರ್, ಬ್ಯಾಂಕ್ ಪಾಸ್‌ಬುಕ್, ಮನೆಯ ಕರೆಂಟ್ ಬಿಲ್ ಹಿಡಿದುಕೊಂಡು ಬರಲಿ ಎಂದು ಹೇಳಿ ಕಳಿಸಿದೆ.