ಇಬ್ಬರು ಬಾಲಕರ ಹೆಸರಿನ ಸಂಗೀತ ಭಂಡಾರ

ನಮ್ಮ ಸಂಗೀತವು ಗುರುಮುಖದಿಂದ ಶಿಷ್ಯಮುಖಕ್ಕೆ ಹರಿದುಬಂದ ವಿದ್ಯೆ. ಯುರೋಪಿನ ಶಾಸ್ತ್ರೀಯ ಸಂಗೀತವಾದರೋ ಬಹುಮಟ್ಟಿಗೆ ಸ್ವರಲಿಪಿಯನ್ನು ಆಶ್ರಯಿಸಿದೆ. ಅಲ್ಲಿ ಹಾಳೆ ನಶಿಸಿದರೆ ಕೃತಿಯೂ ನಶಿಸಿದಂತೆಯೇ ಸರಿ. ಇಟಲಿಯ ತೂರಿನ್ ನಗರದ ರಾಷ್ಟ್ರೀಯ ವಿಶ್ವವಿದ್ಯಾಲಯ ಗ್ರಂಥಾಲಯದಲ್ಲಿರುವ ವಿವಾಲ್ದಿ ಹಸ್ತಪ್ರತಿಗಳ ಚರಿತ್ರೆ ಈ ಮಾತಿಗೆ ನಿದರ್ಶನವಾಗಿದೆ.

ಆಂಟೋನಿಯೊ ವಿವಾಲ್ದಿಯವರು 1678ರಲ್ಲಿ ವೆನಿಸ್ಸಿನಲ್ಲಿ ಜನಿಸಿದರು. ಪಾದ್ರಿಯಾಗಿದ್ದ ಅವರು ಅಲ್ಲಿನ ಪಿಯೆತಾ ಎಂಬ ಅನಾಥಾಲಯದ ಹೆಣ್ಣುಮಕ್ಕಳಿಗೆ ಪಿಟೀಲು ಕಲಿಸಿದರು. 1741ರಲ್ಲಿ ವಿಯೆನ್ನಾದಲ್ಲಿ ಬಡತನದಲ್ಲಿ ನಿಧನ ಹೊಂದಿದರು. ಅವರ ಕೃತಿಗಳಲ್ಲಿ ಬಹುಪಾಲು ಮುದ್ರಣವನ್ನೇ ಕಂಡಿರಲಿಲ್ಲ. ಅವರ ಹಸ್ತಪ್ರತಿಗಳು ಮುಂದೆ ಜಾಕೊಮೊ ದುರಾಟ್ಸೊ ಎಂಬ ಶ್ರೀಮಂತರ ವಶವಾಗಿ, ಅವರ ವಂಶಜರಲ್ಲಿ ಎರಡು ಪಾಲಾದವು. ಜನ ವಿವಾಲ್ದಿಯವರನ್ನು ಬಹುತೇಕ ಮರೆತರು.

1926ರಲ್ಲಿ ಬೊರ್ಗೊ ಸಾನ್ ಮಾರ್ತಿನೊ ಎಂಬ ಊರಿನ ಸಲೇಸಿಯನ್ ಪಾದ್ರಿಗಳ ವಿದ್ಯಾಶಾಲೆಯು ಕಟ್ಟಡದ ದುರಸ್ತಿಗೆ ಹಣ ಬೇಕಾಗಿ, ತನ್ನಲ್ಲಿದ್ದ ಹಳೆಯ ಸಂಪುಟಗಳನ್ನು ಮಾರಲು ಯೋಚಿಸಿತು. ಅವುಗಳನ್ನು ವ್ಯಾಪಾರಿಗಳಿಗೆ ಒಪ್ಪಿಸುವ ಮೊದಲು ತೂರಿನ್ ಗ್ರಂಥಾಲಯದ ಅಭಿಪ್ರಾಯವನ್ನು ಕೇಳಿದ್ದೇ ದೊಡ್ಡ ಉಪಕಾರವಾಯಿತು. ಗ್ರಂಥಾಲಯದ ಮುಖ್ಯಸ್ಥ ಲುಯಿಜಿ ತೊರ್ರಿಯವರು ಅವುಗಳನ್ನು ಪ್ರಾಧ್ಯಾಪಕ ಆಲ್ಬೆರ್ತೊ ಜೆಂಟಿಲಿಯವರ ಪರೀಕ್ಷೆಗೆ ಒಪ್ಪಿಸಿದರು. ಅದರಲ್ಲಿ ವಿವಾಲ್ದಿಯವರ ಸ್ವಹಸ್ತದ ಬರಹವೇ ಇತ್ತು!

ಗ್ರಂಥಾಲಯದಲ್ಲಿ ಕೊಳ್ಳುವಷ್ಟು ಹಣವಿರಲಿಲ್ಲ. ಆಗ ರೊಬೆರ್ತೊ ಫೊಆ ಎಂಬ ಷೇರು ದಲ್ಲಾಳಿಯವರು ಎಳವೆಯಲ್ಲೇ ತೀರಿಕೊಂಡ ಮಗ ಮಾವ್ರೊನ ಸ್ಮರಣಾರ್ಥವಾಗಿ 1927ರಲ್ಲಿ ಅವನ್ನು ಕೊಂಡು ದಾನವಿತ್ತರು. ಸಂಪುಟಗಳ ಕ್ರಮದಲ್ಲಿದ್ದ ಕೊರತೆಯನ್ನು ಗಮನಿಸಿದ ಜೆಂಟಿಲಿಯವರು, ಇದು ಅರ್ಧ ಭಾಗ ಮಾತ್ರವೆಂದು ಊಹಿಸಿದರು. ಉಳಿದರ್ಧ ಜೆನೋವಾದಲ್ಲಿ ದುರಾಟ್ಸೊ ವಂಶದವರ ಬಳಿ ದೊರೆಯಿತು. 1930ರಲ್ಲಿ ಜವಳಿ ಉದ್ಯಮಿ ಫಿಲಿಪ್ಪೊ ಜೊರ್ದಾನೊ ಅವರು, ತಾವೂ ಕಳೆದುಕೊಂಡಿದ್ದ ಮಗ ರೆಂಟ್ಸೊನ ಹೆಸರಿನಲ್ಲಿ ಅದನ್ನು ಗ್ರಂಥಾಲಯಕ್ಕೆ ಕೊಡಿಸಿದರು. ಹೀಗೆ 27 ಸಂಪುಟಗಳಲ್ಲಿ ಸುಮಾರು 450 ಕೃತಿಗಳು ಒಂದೆಡೆ ಸೇರಿದವು. 1939ರಲ್ಲಿ ಸಿಯೆನಾದಲ್ಲಿ ನಡೆದ ವಿವಾಲ್ದಿ ಸಪ್ತಾಹದಲ್ಲಿ ಅವುಗಳಲ್ಲಿ ಕೆಲವು ಮತ್ತೆ ಕೇಳಿಬಂದವು. ಆದರೆ ಯೆಹೂದ್ಯರಾಗಿದ್ದ ಜೆಂಟಿಲಿಯವರು 1938ರ ಜನಾಂಗೀಯ ಕಾನೂನಿನಿಂದಾಗಿ ಆಗಲೇ ತಮ್ಮ ಅಧ್ಯಾಪಕ ಹುದ್ದೆಯನ್ನು ಕಳೆದುಕೊಂಡಿದ್ದುದು ವಿಷಾದದ ಸಂಗತಿ.

ಆ ಸಂಗ್ರಹಗಳು ಇಂದಿಗೂ ಮಾವ್ರೊ ಫೊಆ, ರೆಂಟ್ಸೊ ಜೊರ್ದಾನೊ ಎಂಬ ಆ ಬಾಲಕರ ಹೆಸರನ್ನೇ ಹೊತ್ತಿವೆ. ಶಾಲೆಯ ವಿವೇಕ, ವಿದ್ವಾಂಸನ ಶ್ರಮ, ದಾನಿಯ ಔದಾರ್ಯ ಈ ಮೂರೂ ಕೂಡಿದುದರಿಂದಲೇ ಆ ನಾದ ಉಳಿಯಿತು. ಹಳೆಯ ಕಪಾಟನ್ನು ಬರಿದು ಮಾಡುವ ಮುನ್ನ ಬಲ್ಲವರನ್ನೊಮ್ಮೆ ಕೇಳಬೇಕೆಂಬ ಪಾಠವನ್ನು ಯಾವ ವಿದ್ಯಾಸಂಸ್ಥೆಯೂ ಮರೆಯಬಾರದು.