ಚೆಂಡು ಹೂ, ಆಸ್ಟರ್: ಮನೆ ಬೀಜ ಬಿತ್ತೋ ಮುಂಚೆ ಇದನ್ನ ಓದಿ

ಕಿನ್ನಾಳ ಅಂದ ಕೂಡಲೇ ಹೊರಗಿನವರಿಗೆ ಬಣ್ಣದ ಗೊಂಬೆ ನೆನಪಾಗ್ತವೆ. ಅದೇ ಕಿನ್ನಾಳದ ಸುತ್ತ ಮಸಾರಿ ಹೊಲದಲ್ಲಿ, ಬೋರ್‌ವೆಲ್‌ನಲ್ಲಿ ಅಷ್ಟೋ ಇಷ್ಟೋ ನೀರಿರೋ ಹುಡುಗರು ಐದು-ಹತ್ತು ಗುಂಟೆ ಹೂ ಹಚ್ಚೋದಕ್ಕೆ ಮನಸ್ಸು ಮಾಡ್ತಿದಾರೆ. ಅವರು ನನ್ನ ಕೇಳೋ ಪ್ರಶ್ನೆ ಹೆಚ್ಚುಕಮ್ಮಿ ಒಂದೇ: "ಅಣ್ಣಾ, ಹೋದ ದೀಪಾವಳಿ ಹೂ ಒಣಗಿಸಿ ಇಟ್ಟೀನಿ, ಅದೇ ಬೀಜ ಹಾಕಿದ್ರ ನಡೀತದೇನು?"

ನಡೀತದೆ, ನಡೆಯೋದೂ ಇಲ್ಲ. ಅದು ಯಾವ ಹೂ, ಯಾವ ತಳಿ ಅನ್ನೋದರ ಮೇಲೆ ನಿಂತದೆ. ಇದನ್ನ ನಾನು ಕಾಲೇಜಿನಲ್ಲಿ ಓದಿ ಪಾಸಾಗಿದ್ದೆ. ಆದರೂ ಹೊಲದಲ್ಲಿ ಫೇಲಾದೆ.

ಸಾವಯವಕ್ಕೆ ಬಂದ ಎರಡನೇ ವರ್ಷ. ಹೈಬ್ರಿಡ್ ಚೆಂಡು ಹೂವಿನ ಬೀಜ ಎಣಿಸಿ ಮಾರ್ತಾರೆ, ನಿಮಗೂ ಗೊತ್ತು. ಆ ರೊಕ್ಕ ಉಳಿಸೋಣ ಅಂತ, ಹಬ್ಬ ಮುಗಿದ ಮೇಲೆ ಗಿಡದಲ್ಲೇ ಉಳಿದಿದ್ದ ಹೂ ಒಣಗಿಸಿ, ತಿಕ್ಕಿ, ಡಬ್ಬಿ ತುಂಬ ಬೀಜ ಮಾಡಿದೆ. ಮರುವರ್ಷ 6 ಗುಂಟೆಗೆ ಅದನ್ನೇ ಹಚ್ಚಿದೆ. ಮೊಳಕೆ ಚೆನ್ನಾಗಿ ಬಂತು, ಗಿಡ ಸೊಂಟದ ಎತ್ತರ ಬೆಳೀತು. ಮೊಗ್ಗು ಅರಳಿದಾಗ ಮಾತ್ರ ಎದೆ ಒಡೀತು. ಒಂದು ಗಿಡ ಕಿತ್ತಳೆ, ಪಕ್ಕದ್ದು ಹಳದಿ. ಮೂರರಲ್ಲೊಂದು ಪಾಲು ಗಿಡದಲ್ಲಿ ಸುತ್ತ ಒಂದೇ ಸಾಲು ಎಸಳು, ನಡುವೆ ಬರೀ ಹಳದಿ ಗುಬುಟು. ಅರಳಿದ್ದೂ ಒಂದೇ ಸಲ ಅಲ್ಲ, ಕೆಲವು ದಸರೆಗೆ ಮುಂಚೆ, ಕೆಲವು ಆಮೇಲೆ. ಮಾರ್ಕೆಟ್ಟಿನಲ್ಲಿ ಚೀಲ ಬಿಚ್ಚಿ ನೋಡಿದ ವ್ಯಾಪಾರಿ ಮತ್ತೆ ಕಟ್ಟಿಟ್ಟ. ಅವನದೇನು ತಪ್ಪು? ಮಾಲೆ ಕಟ್ಟೋರಿಗೆ ಒಂದೇ ಅಳತೆ, ಒಂದೇ ಬಣ್ಣ ಬೇಕು. ಆ ವರ್ಷದ ಗೊಬ್ಬರದ ಖರ್ಚೂ ಹುಟ್ಟಲಿಲ್ಲ.

ಆಗಿದ್ದೇನು ಅಂದ್ರೆ, ಹೈಬ್ರಿಡ್ ಅನ್ನೋದು ಎರಡು ಬೇರೆ ಬೇರೆ ಗುಣದ ತಾಯಿ-ತಂದೆ ಗಿಡಗಳ ಮೊದಲ ತಲೆಮಾರು. ಆ ತಲೆಮಾರು ಒಂದೇ ಅಚ್ಚಿನಲ್ಲಿ ಬರ್ತದೆ. ಅದರ ಬೀಜ ಬಿತ್ತಿದರೆ ಒಳಗೆ ಅಡಗಿದ್ದ ಗುಣಗಳೆಲ್ಲ ಚೆಲ್ಲಾಪಿಲ್ಲಿಯಾಗಿ ಹೊರಗೆ ಬರ್ತವೆ. ಅದರ ಮೇಲೆ ಚೆಂಡು ಹೂವಿನಲ್ಲಿ ಜೇನ್ನೊಣ ಪರಾಗ ಹೊತ್ತು ತಿರುಗ್ತದೆ, ಪಕ್ಕದ ಹೊಲದ ತಳಿಯೂ ಬೆರೀತದೆ. ನಾನು ಮಾಡಿದ ಇನ್ನೊಂದು ತಪ್ಪು, ಮಾರಾಟವಾಗದೆ ಉಳಿದ ಹೂವಿನಿಂದ ಬೀಜ ತೆಗೆದದ್ದು. ಒಳ್ಳೆಯದನ್ನೆಲ್ಲ ಮಾರಿ, ಕಳಪೆಯನ್ನ ತಾಯಿ ಮಾಡಿದೆ.

ಹಾಗಾದರೆ ಹೈಬ್ರಿಡ್ ಗಿಡವನ್ನ ಹೆಚ್ಚಿಸೋ ದಾರಿನೇ ಇಲ್ವಾ? ಇದೆ, ಬೀಜದಿಂದ ಅಲ್ಲ, ತುದಿಯಿಂದ. ಸಸಿ ನಾಟಿ ಮಾಡಿದ 20-25 ದಿನಕ್ಕೆ ಕವಲು ಹೆಚ್ಚಲಿ ಅಂತ ತುದಿ ಚಿವುಟ್ತೀವಲ್ಲ, ಆ ಮೂರ್ನಾಲ್ಕು ಇಂಚಿನ ತುದಿಯನ್ನ ಬದುವಿಗೆ ಎಸೀಬೇಡಿ. ಮೊಗ್ಗು ಕೂತಿದ್ದರೆ ತೆಗೀರಿ, ಕೆಳಗಿನ ಎಲೆ ಬಿಡಿಸಿ ಹಸಿ ಕೋಕೋಪಿಟ್‌ಗೆ ಚುಚ್ಚಿ ನೆರಳಲ್ಲಿಡಿ. ಚೆಂಡು ಹೂವಿನ ಕಾಂಡ ಸುಲಭವಾಗಿ ಬೇರು ಬಿಡ್ತದೆ, ಗಿಡ ತಾಯಿಯ ಪಡಿಯಚ್ಚು. ಬೆಂಗಳೂರು ಹೆಸರಘಟ್ಟದ ಐಐಎಚ್‌ಆರ್ ಬಿಡುಗಡೆ ಮಾಡಿದ ಅರ್ಕ ಅಗ್ನಿ, ಅರ್ಕ ಬಂಗಾರ ತಳಿಗಳನ್ನ ಹೀಗೆ ತುಂಡಿನಿಂದಲೇ ಹೆಚ್ಚಿಸ್ತಾರೆ. ಅವುಗಳಲ್ಲಿ ಕೇಸರಗಳು ಎಸಳಾಗಿ ಮಾರ್ಪಟ್ಟಿವೆ, ಪರಾಗವೇ ಇಲ್ಲ.

ಮನೆ ಬೀಜ ಹಿಡೀಬೇಕು ಅನ್ನೋರು ಸುಧಾರಿತ ತಳಿಯಿಂದ ಶುರು ಮಾಡಿ. ಚೆಂಡು ಹೂವಿನಲ್ಲಿ ದೆಹಲಿಯ ಪೂಸಾ ಸಂಸ್ಥೆಯ ಪೂಸಾ ನಾರಂಗಿ ಗೇಂದಾ (ಕಿತ್ತಳೆ), ಪೂಸಾ ಬಸಂತಿ ಗೇಂದಾ (ಹಳದಿ) ಇವೆ. ಒಂದೇ ಹೊಲದಲ್ಲಿ ಎರಡನ್ನೂ ಹಚ್ಚಿ ಬೀಜ ಹಿಡಿದರೆ ಮತ್ತೆ ಅದೇ ಕಥೆ. ಹೊಸಬರಿಗೆ ನಾನು ಹೇಳೋದು ಆಸ್ಟರ್. ಆಸ್ಟರ್ ಬಹುಪಾಲು ತನ್ನ ಪರಾಗದಿಂದಲೇ ಬೀಜ ಕಟ್ಟೋ ಹೂ, ಕಲಬೆರಕೆ ಕಡಿಮೆ. ಐಐಎಚ್‌ಆರ್‌ನ ಕಾಮಿನಿ, ಪೂರ್ಣಿಮಾ, ಶಶಾಂಕ್ ತಳಿಗಳು ಬೀಜದಿಂದ ನಂಬಿಕೆಯಾಗಿ ಬರ್ತವೆ. ಆದರೆ ಆಸ್ಟರ್ ಬೀಜದ ಆಯುಷ್ಯ ಬಹಳ ಕಡಿಮೆ. ವರ್ಷ ದಾಟಿದ್ದನ್ನ ಪರೀಕ್ಷೆ ಮಾಡದೆ ಬಿತ್ತಲೇಬೇಡಿ. ನಮ್ಮ ಬೇಸಿಗೆ 40 ಡಿಗ್ರಿ ಮುಟ್ತದೆ, ತಗಡಿನ ಶೀಟಿನ ಕೆಳಗಿಟ್ಟ ಬೀಜ ಅದಕ್ಕಿಂತ ಮುಂಚೆಯೇ ಸಾಯ್ತದೆ. ಮನೆಯಂಗಳಕ್ಕೆ ಝಿನಿಯಾ, ಕರ್ಣಕುಂಡಲ ಆದರೆ ಇಷ್ಟೆಲ್ಲ ತಲೆನೋವಿಲ್ಲ, ನೇರ ಮಡಿಗೆ ಬಿತ್ತಿ.

ಕಾನೂನಿನ ಭಯ ಬೇಡ. 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ ಪ್ರಕಾರ ನಮ್ಮ ಹೊಲದ ಬೀಜವನ್ನ ಉಳಿಸಬಹುದು, ಬಿತ್ತಬಹುದು, ಹಂಚಬಹುದು, ಮಾರಲೂಬಹುದು. ಸಂರಕ್ಷಿತ ತಳಿಯನ್ನ ಬ್ರಾಂಡ್ ಹೆಸರು ಹಾಕಿ ಪ್ಯಾಕೆಟ್‌ನಲ್ಲಿ ಮಾರೋ ಹಾಗಿಲ್ಲ, ಅಷ್ಟೇ.

ಬೀಜಕ್ಕೆ ಗಿಡ ಆರಿಸೋದು ಹೂ ತುಂಬಿದ ಕಾಲದಲ್ಲಿ. ರೋಗ ಇಲ್ಲದ, ತುಂಬು ಎಸಳಿನ ಗಿಡಕ್ಕೆ ಕೆಂಪು ದಾರ ಕಟ್ಟಿ, ಮನೆಯವರಿಗೂ ಹೇಳಿಡಿ. ಇಲ್ಲಾಂದ್ರೆ ಅವರು ಅದನ್ನೇ ಮೊದಲು ಕೊಯ್ತಾರೆ, ಚೆಂದ ಇರ್ತದಲ್ಲ! ಒಂದೇ ಸಾಲಿನ ಎಸಳು, ಬೇರೆ ಬಣ್ಣ ಕಂಡ ಗಿಡವನ್ನ ಅರಳಿದ ದಿನವೇ ಕಿತ್ತು ಹಾಕಿ. ಹೂವಿನ ಬುಡದ ಹಸಿರು ತೊಟ್ಟಿಲು ಕಂದು ಬಣ್ಣಕ್ಕೆ ತಿರುಗಿದ ಮೇಲೆ, ಮಳೆಯಿಲ್ಲದ ದಿನ ಕೊಯ್ದು ನೆರಳಲ್ಲಿ ನಾಲ್ಕೈದು ದಿನ ಒಣಗಿಸಿ. ಕಾಗದದ ಪಾಕೀಟಿನಲ್ಲಿ ಹಾಕಿ, ಅದನ್ನ ಮುಚ್ಚಳ ಬಿಗಿ ಇರೋ ಡಬ್ಬಿಯಲ್ಲಿ ಒಂದು ಮುಷ್ಟಿ ಹುರಿದು ಆರಿಸಿದ ಅಕ್ಕಿಯ ಜೊತೆ ಇಡಿ. ಅಕ್ಕಿ ತೇವ ಎಳ್ಕೊಳ್ತದೆ. ಪಾಕೀಟಿನ ಮೇಲೆ ತಳಿ, ತಿಂಗಳು, ವರ್ಷ ಬರೀರಿ. ನೆನಪಿರ್ತದೆ ಅಂದ್ಕೋಬೇಡಿ, ಇರಲ್ಲ.

ಬಿತ್ತೋಕೆ ಹತ್ತು ದಿನ ಮುಂಚೆ ಬಟ್ಟೆ ಪರೀಕ್ಷೆ. ಹಳೇ ಧೋತ್ರದ ತುಂಡು ಒದ್ದೆ ಮಾಡಿ ಹಿಂಡಿ, 50 ಬೀಜ ಎಣಿಸಿ ಸಾಲಾಗಿಟ್ಟು ಸುತ್ತಿ. ಒಣಗದಂತೆ ನೋಡ್ಕೊಳ್ಳಿ. ಚೆಂಡು ಹೂ ಆದರೆ ಆರನೇ ದಿನ, ಆಸ್ಟರ್ ಆದರೆ ಒಂಬತ್ತನೇ ದಿನ ಬಿಚ್ಚಿ ಎಣಿಸಿ. 50ಕ್ಕೆ 40 ಬಂದರೆ ನೂರಕ್ಕೆ 80. ಮೂವತ್ತರ ಆಸುಪಾಸು ಬಂದರೆ ಒಂದು ಗುಣಿಗೆ ಎರಡು ಬೀಜ. ಇಪ್ಪತ್ತಕ್ಕಿಂತ ಕಡಿಮೆಯಾದರೆ ಬೇರೆ ಬೀಜ ಹುಡುಕಿ, ಇನ್ನೂ ಟೈಮ್ ಇದೆ.

ಲೆಕ್ಕ ಹೀಗೆ. ಸಾಲಿಂದ ಸಾಲಿಗೆ 60, ಗಿಡದಿಂದ ಗಿಡಕ್ಕೆ 45 ಸೆಂಟಿಮೀಟರ್ ಬಿಟ್ಟರೆ ಒಂದು ಗುಂಟೆಗೆ ಸುಮಾರು 375 ಚೆಂಡು ಹೂವಿನ ಗಿಡ ಹಿಡೀತವೆ. ನೂರಕ್ಕೆ 80 ಮೊಳಕೆ ಇದ್ದರೆ 98 ಗುಣಿಯ ಪ್ರೋಟ್ರೇ 5 ಸಾಕು. ಒಂದು ಗ್ರಾಂನಲ್ಲಿ ಮುನ್ನೂರಕ್ಕಿಂತ ಹೆಚ್ಚು ಬೀಜ ಇರ್ತವೆ, ಅಂದ್ರೆ ಗುಂಟೆಗೆ ಒಂದೂವರೆ ಗ್ರಾಂ. ಆಸ್ಟರ್ 30 ಸೆಂಟಿಮೀಟರ್ ಚೌಕದಲ್ಲಿ ಹಚ್ಚೋದರಿಂದ ಗುಂಟೆಗೆ 1,100 ಸಸಿ ಬೇಕು.

ದಿನಾಂಕವನ್ನ ಹಬ್ಬದಿಂದ ಹಿಂದಕ್ಕೆ ಎಣಿಸಿ. ಟ್ರೇನಲ್ಲಿ 25 ದಿನ, ನಾಟಿಯಿಂದ ಹೂವಿಗೆ 50-55 ದಿನ, ತುದಿ ಚಿವುಟಿದ್ದಕ್ಕೆ ಇನ್ನೊಂದು ಹತ್ತು ದಿನ. ಆಯುಧಪೂಜೆಗೆ 85-90 ದಿನ ಮುಂಚೆ ಬೀಜ ಟ್ರೇನಲ್ಲಿರಬೇಕು. ಜನವರಿಯ ಗವಿಸಿದ್ಧೇಶ್ವರ ಜಾತ್ರೆಗೆ ಹೂ ಬೇಕಾದರೆ ಅಕ್ಟೋಬರ್ ಮೊದಲ ವಾರಕ್ಕೇ ಬಿತ್ತಿ, ಚಳಿಯಲ್ಲಿ ಬೆಳವಣಿಗೆ ನಿಧಾನ.

ಕೋಕೋಪಿಟ್ ಇಟ್ಟಿಗೆ ನೆನೆಸಿ, ಎರಡು ಸಲ ಒಳ್ಳೆ ನೀರಲ್ಲಿ ತೊಳೀರಿ, ಅದರಲ್ಲಿ ಉಪ್ಪಿರ್ತದೆ. ನಮ್ಮ ಕಡೆ ಎಷ್ಟೋ ಬೋರ್‌ವೆಲ್ ನೀರೂ ಸವಳು, ಹಾಗಿದ್ದರೆ ಸಸಿಗೆ ಮಳೆ ನೀರು ಹಿಡಿದಿಡಿ. ನಾಲ್ಕನೇ ಒಂದು ಪಾಲು ಎರೆಗೊಬ್ಬರ, ಜೊತೆಗೆ ಟ್ರೈಕೋಡರ್ಮಾ ಬೆರೆಸಿ ಒಂದು ವಾರ ನೆರಳಲ್ಲಿ ಹಸಿಯಾಗಿಟ್ಟು ಆಮೇಲೆ ತುಂಬಿ. ಬೀಜ ಅರ್ಧ ಸೆಂಟಿಮೀಟರ್ ಆಳಕ್ಕಿಂತ ಕೆಳಗೆ ಹೋಗಬಾರದು. ಟ್ರೇಗಳನ್ನ ಒಂದರ ಮೇಲೊಂದು ಪೇರಿಸಿ ಮುಚ್ಚಿಟ್ಟರೆ ಮೂರನೇ ದಿನದಿಂದ ಬೆಳಿಗ್ಗೆ-ಸಂಜೆ ಇಣುಕಿ ನೋಡಿ. ಬಿಳಿ ಮೊಳಕೆ ಕಂಡ ಕ್ಷಣ ಹರಡಬೇಕು. ಒಂದು ದಿನ ತಡವಾದರೂ ಸಸಿ ದಾರದಂತೆ ಉದ್ದವಾಗಿ ಬೀಳ್ತದೆ.

ಬುಡ ಕೊಳೆತು ಮಲಗೋದು ಸಸಿಮಡಿಯ ದೊಡ್ಡ ರೋಗ. ಹೆಚ್ಚಿನ ಸಲ ಕಾರಣ ನಾವೇ, ಸಂಜೆ ನೀರು. ಬೆಳಿಗ್ಗೆ ಕೊಡಿ, ರಾತ್ರಿಯೊಳಗೆ ಮೇಲ್ಪದರ ಆರಲಿ. ನಾಟಿಗೆ ವಾರ ಮುಂಚೆ ನೆರಳು ಬಲೆಯಿಂದ ಸ್ವಲ್ಪ ಸ್ವಲ್ಪ ಬಿಸಿಲಿಗೆ ತನ್ನಿ. ನಾಟಿ ಸಂಜೆ ಮಾಡಿ. ಚೆಂಡು ಹೂ ಸಸಿಯ ಕಾಂಡ ಒಂದಿಂಚು ಮಣ್ಣೊಳಗೆ ಹೋದರೂ ಪರವಾಗಿಲ್ಲ, ಅಲ್ಲಿಂದಲೂ ಬೇರು ಬರ್ತವೆ. ಆಸ್ಟರ್‌ಗೆ ಹಾಗೆ ಮಾಡಬೇಡಿ, ಬುಡ ಕೊಳೀತದೆ.

ನಾನು ಈಗ ದೊಡ್ಡ ಪಾಲಿಗೆ ಬೀಜ ಕೊಂಡುಕೊಳ್ತೀನಿ, ಚಿವುಟಿದ ತುದಿಯಿಂದ ಒಂದು ಗುಂಟೆ ಹೆಚ್ಚಿಸ್ತೀನಿ, ಆಸ್ಟರ್ ಮಾತ್ರ ಪೂರಾ ಮನೆ ಬೀಜ. ನಿಮ್ಮ ಡಬ್ಬಿಯಲ್ಲಿರೋ ಬೀಜ ಯಾವುದು ಅಂತ ಗೊತ್ತಿಲ್ಲದಿದ್ದರೆ, ಈ ಹಂಗಾಮಿಗೆ ಅದನ್ನ ಬದುವಿನ ಮೇಲೆ 20 ಗಿಡ ಹಚ್ಚಿ ನೋಡಿ, ಹೊಲಕ್ಕೆ ಬೇಡ.